ಫೋನ್ ಅನ್‌ಲಾಕ್ ಆಗಿದೆ, ಆದರೂ ಈ ಸಿಮ್ ಯಾಕೆ ನಡೆಯುತ್ತಿಲ್ಲ?

ಪ್ರಶ್ನೆ: ನನ್ನ ಫೋನ್ ಪೂರ್ತಿ ಅನ್‌ಲಾಕ್ ಆಗಿರುವಂಥದ್ದು. ಹಳೆಯ ಸಿಮ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಬೇರೆ ಕಂಪನಿಯ ಸಿಮ್ ಹಾಕಿದ್ದೇನೆ. ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಆದರೆ ಕರೆ ಮಾಡಿದರೆ ರಿಂಗ್ ಆಗುವ ಮೊದಲೇ ಕಟ್ ಆಗುತ್ತದೆ. ನನಗೆ ಯಾರಾದರೂ ಕರೆ ಮಾಡಿದರೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಅಂತ ಕೇಳಿಸುತ್ತದಂತೆ. ಮನೆಯ ಒಳಕೋಣೆಗೆ ಹೋದರೆ ಸಿಗ್ನಲ್ಲೇ ಇರುವುದಿಲ್ಲ. ಗೆಳೆಯನ ಹತ್ತಿರ ಇದೇ ಹೆಸರಿನ ಫೋನ್ ಇದೆ. ಅದಕ್ಕೆ ಇದೇ ಸಿಮ್ ಹಾಕಿದರೆ ಎಲ್ಲವೂ ಸರಿ! ಫೋನ್ ಮಾರಿದವರು ‘ಅನ್‌ಲಾಕ್ ಆಗಿದೆ, ಯಾವ ಸಿಮ್ ಆದರೂ ನಡೆಯುತ್ತದೆ’ ಅಂದಿದ್ದರು. ನನ್ನ ಫೋನ್ ಕೆಟ್ಟಿದೆಯಾ? ಇನ್ನೊಮ್ಮೆ ಅನ್‌ಲಾಕ್ ಮಾಡಿಸಬೇಕಾ?

ಉತ್ತರ: ನಿಮ್ಮ ಫೋನ್ ಕೆಟ್ಟಿಲ್ಲ. ಇನ್ನೊಮ್ಮೆ ಅನ್‌ಲಾಕ್ ಮಾಡಿಸಲು ಹಣ ಕೊಡಬೇಡಿ, ಅದರಿಂದ ಏನೂ ಬದಲಾಗುವುದಿಲ್ಲ. ನೀವು ಹೇಳಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕರೆ ಹೋಗದಿರುವುದಕ್ಕೆ ಒಂದು ಕಾರಣ, ಒಳಕೋಣೆಯಲ್ಲಿ ಸಿಗ್ನಲ್ ಹೋಗುವುದಕ್ಕೆ ಇನ್ನೊಂದು. ಎರಡಕ್ಕೂ ಸುಳಿವು ನಿಮ್ಮ ಗೆಳೆಯನ ಫೋನಿನಲ್ಲೇ ಇದೆ. ಹೆಸರು ಒಂದೇ ಆದರೂ ಅವೆರಡು ಒಂದೇ ಫೋನ್ ಅಲ್ಲದಿರುವ ಸಾಧ್ಯತೆ ಬಹಳ ಜಾಸ್ತಿ.

ಮೊದಲು ಅನ್‌ಲಾಕ್ ಮಾಡಿದಾಗ ಏನಾಗುತ್ತದೆ ಅಂತ ನೋಡೋಣ. ಪ್ರತಿ ಸಿಮ್‌ನಲ್ಲೂ ಅದು ಯಾವ ದೇಶದ್ದು, ಯಾವ ಕಂಪನಿಯದ್ದು ಎಂದು ಹೇಳುವ ಅಂಕಿಗಳಿರುತ್ತವೆ. ಟೆಲಿಕಾಂ ಕಂಪನಿಯೊಂದು ಕಂತಿನಲ್ಲೋ ರಿಯಾಯಿತಿಯಲ್ಲೋ ಫೋನ್ ಕೊಟ್ಟಾಗ, ಆ ಫೋನ್ ಈ ಅಂಕಿಗಳನ್ನು ಓದಿ ‘ಇದು ನಮ್ಮ ಕಂಪನಿಯ ಸಿಮ್ ಅಲ್ಲ’ ಎಂದು ತಿರಸ್ಕರಿಸುವಂತೆ ಮಾಡಿರುತ್ತಾರೆ. ಅದೇ ಸಿಮ್ ಲಾಕ್. ಅನ್‌ಲಾಕ್ ಮಾಡಿದರೆ ಆ ಒಂದು ತಪಾಸಣೆ ನಿಲ್ಲುತ್ತದೆ, ಅಷ್ಟೇ. ಫೋನಿನ ಒಳಗೆ ಹೊಸದೇನೂ ಸೇರುವುದಿಲ್ಲ. ಹೊಸ ನೆಟ್‌ವರ್ಕ್‌ನ ತರಂಗಗಳನ್ನು ಅದು ಹಿಡಿಯಬಲ್ಲದೇ, ಆ ನೆಟ್‌ವರ್ಕ್‌ನಲ್ಲಿ ಮಾತಾಡುವ ಏರ್ಪಾಡು ಅದಕ್ಕೆ ಗೊತ್ತಿದೆಯೇ, ಆ ಕಂಪನಿ ಈ ಫೋನನ್ನು ಒಪ್ಪುತ್ತದೆಯೇ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ.

ಕೆಲವು ದೇಶಗಳು ಸಿಮ್ ಲಾಕನ್ನೇ ತೆಗೆದುಹಾಕಿವೆ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಫೋನ್‌ಗಳನ್ನು ಅನ್‌ಲಾಕ್ ಆಗಿಯೇ ಮಾರಬೇಕು. ಜಪಾನ್‌ನಲ್ಲಿ 2021ರ ಅಕ್ಟೋಬರ್‌ನಿಂದ, ಬ್ರಿಟನ್‌ನಲ್ಲಿ ಅದೇ ವರ್ಷದ ಡಿಸೆಂಬರ್‌ನಿಂದ ಇಂಥದೇ ನಿಯಮ ಬಂತು. ಇವು ಗ್ರಾಹಕರಿಗೆ ನಿಜವಾಗಿಯೂ ಒಳ್ಳೆಯದು ಮಾಡಿದ ನಿಯಮಗಳು. ಆದರೂ ‘ಅನ್‌ಲಾಕ್ ಆಗಿದೆ, ಆದರೆ ನಡೆಯುತ್ತಿಲ್ಲ’ ಎನ್ನುವ ದೂರು ನಿಂತಿಲ್ಲ. ಕಾರಣ ಮೇಲೆ ಹೇಳಿದ್ದೇ. ಬೀಗ ತೆಗೆದರೂ ಉಳಿದ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುವುದಿಲ್ಲ.

ಈಗ ನಿಮ್ಮ ಒಳಕೋಣೆಯ ವಿಷಯ. ಮೊಬೈಲ್ ನೆಟ್‌ವರ್ಕ್‌ಗಳು ಬೇರೆ ಬೇರೆ ತರಂಗಾಂತರಗಳಲ್ಲಿ ನಡೆಯುತ್ತವೆ. ಅವನ್ನು ತುಂಡು ತುಂಡಾಗಿ ಹಂಚಿ, ಒಂದೊಂದು ತುಂಡಿಗೂ ಒಂದು ನಂಬರ್ ಕೊಟ್ಟಿದ್ದಾರೆ. ಇದನ್ನೇ ಬ್ಯಾಂಡ್ ಅನ್ನುವುದು. ಬ್ಯಾಂಡ್ 3 ಅಂದರೆ 1800 ಮೆಗಾಹರ್ಟ್ಸ್ ಆಸುಪಾಸು, ಬ್ಯಾಂಡ್ 5 ಅಂದರೆ 850, ಬ್ಯಾಂಡ್ 40 ಅಂದರೆ 2300. ಒಂದು ಕಂಪನಿ ಸಾಮಾನ್ಯವಾಗಿ ಎರಡು ಮೂರು ಬ್ಯಾಂಡ್‌ಗಳನ್ನು ಒಟ್ಟಿಗೆ ಬಳಸುತ್ತದೆ, ಮತ್ತು ಪ್ರತಿಯೊಂದಕ್ಕೂ ಅದರದೇ ಕೆಲಸವಿರುತ್ತದೆ. 600, 700, 850, 900ರಂಥ ಕೆಳಗಿನ ತರಂಗಾಂತರಗಳು ದೂರ ಹೋಗುತ್ತವೆ, ಗೋಡೆ ದಾಟಿ ಒಳಗೂ ಬರುತ್ತವೆ. 2100, 2300, 2500ರಂಥ ಮೇಲಿನವು ಜಾಸ್ತಿ ಡೇಟಾ ಹೊರುತ್ತವೆ, ಆದರೆ ಬೇಗ ಸೋಲುತ್ತವೆ. ನಾಲ್ಕು ಗೋಡೆ ಅಡ್ಡ ಬಂದರೆ ಸಾಕು, ಹೋಯಿತು.

ನಿಮ್ಮ ಹೊಸ ಕಂಪನಿಯ ಮೇಲಿನ ಬ್ಯಾಂಡ್ ನಿಮ್ಮ ಫೋನಿಗೆ ಸಿಗುತ್ತಿದೆ. ಅದಕ್ಕೇ ವರಾಂಡದಲ್ಲಿ ಇಂಟರ್ನೆಟ್ ಜೋರಾಗಿ ಬರುತ್ತದೆ. ಗೋಡೆ ದಾಟಿ ಬರುವ ಕೆಳಗಿನ ಬ್ಯಾಂಡ್ ನಿಮ್ಮ ಫೋನಿನಲ್ಲಿ ಇಲ್ಲ ಅಂತ ಕಾಣುತ್ತದೆ. ಗೆಳೆಯನ ಫೋನಿನಲ್ಲಿ ಇದೆ. ಅದೇ ಕೋಣೆ, ಅದೇ ಟವರ್, ಅದೇ ಸಿಮ್ ಇದ್ದರೂ ಒಂದು ಫೋನ್‌ಗೆ ಸಿಗ್ನಲ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ಹೀಗೆ.

‘ಎಲ್ಲ ಬ್ಯಾಂಡನ್ನೂ ಎಲ್ಲ ಫೋನಿಗೂ ಹಾಕಿಬಿಡಬಾರದಾ?’ ಎಂದು ಕೇಳಬಹುದು. ಪ್ರತಿ ಬ್ಯಾಂಡಿಗೂ ಫೋನಿನ ಒಳಗೆ ಅದರದೇ ಫಿಲ್ಟರ್ ಬೇಕು. ಅಕ್ಕಪಕ್ಕದ ತರಂಗಗಳು ಒಳನುಗ್ಗದಂತೆ ತಡೆಯುವ ಸಣ್ಣ ಬಿಡಿಭಾಗ ಅದು. ಆಂಟೆನಾ ಕೂಡ ಆ ತರಂಗಾಂತರಕ್ಕೆ ಹೊಂದಬೇಕು. ಜಾಗ ಬೇಕು, ಹಣ ಬೇಕು, ಪ್ರತಿ ಬ್ಯಾಂಡಿಗೂ ಪರೀಕ್ಷೆ ಮಾಡಿಸಬೇಕು. ಹಾಗಾಗಿ ತಯಾರಕರು ಒಂದೇ ಹೆಸರಿನಲ್ಲಿ ಹಲವು ಮಾದರಿ ಮಾಡಿ, ಯಾವ ಪ್ರದೇಶದಲ್ಲಿ ಯಾವ ಬ್ಯಾಂಡ್ ಬೇಕೋ ಅಷ್ಟನ್ನು ಹಾಕುತ್ತಾರೆ. ಇಲ್ಲದ ಫಿಲ್ಟರನ್ನು ಯಾವ ಸಾಫ್ಟ್‌ವೇರ್ ಅಪ್‌ಡೇಟೂ ತರಲಾರದು. ‘ಬ್ಯಾಂಡ್ ಓಪನ್ ಮಾಡಿಕೊಡುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ ಈ ಮಾತು ನೆನಪಿಡಿ.

ಆದರೆ ಎಲ್ಲ ಸಲವೂ ಜಾಗ, ಹಣದ ಪ್ರಶ್ನೆಯೇ ಇರುವುದಿಲ್ಲ. ಅಮೆರಿಕದಲ್ಲಿ ನಡೆದ ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿ 700 ಮೆಗಾಹರ್ಟ್ಸ್‌ನಲ್ಲಿ ಬ್ಯಾಂಡ್ 12 ಅಂತ ಒಂದಿದೆ. ಫೋನಿನಿಂದ ಟವರಿಗೆ ಹೋಗಲು 699ರಿಂದ 716, ಟವರಿನಿಂದ ಫೋನಿಗೆ ಬರಲು 729ರಿಂದ 746. ಬ್ಯಾಂಡ್ 17 ಎಂಬ ಇನ್ನೊಂದಿದೆ. ಅದು 704ರಿಂದ 716, ಮತ್ತು 734ರಿಂದ 746. ಅಂದರೆ ಬ್ಯಾಂಡ್ 17 ಇರುವುದು ಬ್ಯಾಂಡ್ 12ರ ಹೊಟ್ಟೆಯೊಳಗೇ. ವ್ಯತ್ಯಾಸ ಕೇವಲ 5 ಮೆಗಾಹರ್ಟ್ಸ್. ದೊಡ್ಡ ಕಂಪನಿಯಾದ ಎಟಿ ಅಂಡ್ ಟಿ ತನ್ನ ಫೋನ್‌ಗಳನ್ನು ಬ್ಯಾಂಡ್ 17ಕ್ಕೆ ಮಾತ್ರ ಮಾಡಿಸಿತು. ಆ ಬಿಟ್ಟುಹೋದ 5 ಮೆಗಾಹರ್ಟ್ಸ್‌ನ ಲೈಸೆನ್ಸ್ ಪಡೆದಿದ್ದ ಸಣ್ಣ ಕಂಪನಿಗಳ ನೆಟ್‌ವರ್ಕ್‌ನಲ್ಲಿ ಆ ಫೋನ್‌ಗಳು ನಡೆಯಲೇ ಇಲ್ಲ. ಅನ್‌ಲಾಕ್ ಮಾಡಿದರೂ ಅಷ್ಟೇ. ಪಕ್ಕದ ಪ್ರಸಾರದ ಅಡಚಣೆ ತಪ್ಪಿಸಲು ಹಾಗೆ ಮಾಡಿದ್ದು ಎಂಬುದು ಎಟಿ ಅಂಡ್ ಟಿಯ ವಾದವಾಗಿತ್ತು. ಸಣ್ಣ ಕಂಪನಿಗಳು ವರ್ಷಗಟ್ಟಲೆ ಜಗಳವಾಡಿದವು. ಕೊನೆಗೆ 2013ರಲ್ಲಿ, ಅಲ್ಲಿನ ದೂರಸಂಪರ್ಕ ಆಯೋಗದ ಮುಂದೆ ಒಪ್ಪಂದವಾಗಿ, ಬ್ಯಾಂಡ್ 12 ಇರುವ ಫೋನ್ ತರಲು ಎಟಿ ಅಂಡ್ ಟಿ ಒಪ್ಪಿತು. ಬ್ಯಾಂಡ್ ಪಟ್ಟಿ ಅನ್ನುವುದು ಎಂಜಿನಿಯರ್‌ಗಳ ಮೇಜಿನ ಮೇಲೆ ಮಾತ್ರ ತೀರ್ಮಾನವಾಗುವಂಥದ್ದಲ್ಲ. ಅದರ ಹಿಂದೆ ವ್ಯಾಪಾರವೂ ಇರುತ್ತದೆ, ಬೆಲೆ ತೆರುವವರು ಫೋನ್ ಕೊಂಡವರು.

ಜಪಾನ್‌ನಲ್ಲೂ ಹೀಗೇ ಆಯಿತು. ಅಲ್ಲಿ ಡೊಕೊಮೊ ಬ್ಯಾಂಡ್ 19 ಬಳಸುತ್ತದೆ, ಕೆಡಿಡಿಐ ಬ್ಯಾಂಡ್ 18 ಮತ್ತು 26, ಸಾಫ್ಟ್‌ಬ್ಯಾಂಕ್ ಬ್ಯಾಂಡ್ 8. ಮೂವರಿಗೂ ಮನೆಯೊಳಗೆ, ದೂರದ ಊರುಗಳಿಗೆ ಸಿಗ್ನಲ್ ತಲುಪಿಸುವುದು ಇವೇ. ಒಂದು ಕಂಪನಿಗಾಗಿ ಮಾಡಿದ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಉಳಿದವರ ಈ ಬ್ಯಾಂಡ್‌ಗಳೇ ಇರಲಿಲ್ಲ. ಲಾಕ್ ನಿಷೇಧವಾದ ಮೇಲೂ ಸಿಮ್ ಬದಲಿಸಿದವರಿಗೆ ನಿಮ್ಮದೇ ಅನುಭವವಾಗುತ್ತಿತ್ತು. ಪೇಟೆಯ ನಡುವೆ ಸರಿ, ಒಳಗೆ ಹೋದರೆ ಇಲ್ಲ.

ಇನ್ನು ಕರೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇವತ್ತು ಅನ್‌ಲಾಕ್ ಫೋನ್‌ಗಳು ಕೈಕೊಡುವುದು ಜಾಸ್ತಿ ಇಲ್ಲೇ, ಮತ್ತು ಗ್ರಾಹಕರಿಗೆ ಸರಿಯಾದ ಉತ್ತರ ಸಿಗದಿರುವುದೂ ಇಲ್ಲೇ.

2ಜಿ, 3ಜಿ ಕಾಲದಲ್ಲಿ ಮಾತಿಗೆ ಅಂತಲೇ ಪ್ರತ್ಯೇಕ ದಾರಿ ಇತ್ತು. ಜಿಎಸ್ಎಂ ಎಂಬ ತಂತ್ರಜ್ಞಾನದ ಫೋನ್ ಯಾವ ಕಂಪನಿಯದ್ದಾದರೂ ಇರಲಿ, ಯಾವ ಜಿಎಸ್ಎಂ ನೆಟ್‌ವರ್ಕ್‌ಗೆ ಹೋದರೂ ಕರೆ ಮಾಡುವ ವಿಧಾನ ಒಂದೇ. 1991ರಲ್ಲಿ ಫಿನ್ಲೆಂಡ್‌ನಲ್ಲಿ ಮೊದಲ ಜಿಎಸ್ಎಂ ಸೇವೆ ಶುರುವಾದಾಗಿನಿಂದ ಬಂದ ದೊಡ್ಡ ಅನುಕೂಲ ಅದು. ಫೋನಿನ ಬ್ಯಾಂಡ್ ಹೊಂದಿದರೆ ಸಿಮ್ ಹಾಕಿ ಮಾತಾಡಬಹುದಿತ್ತು. ‘ಅನ್‌ಲಾಕ್ ಆದರೆ ಎಲ್ಲಾದರೂ ನಡೆಯುತ್ತದೆ’ ಎಂಬ ನಂಬಿಕೆ ಹುಟ್ಟಿದ್ದು ಆ ಕಾಲದಲ್ಲಿ. ಆಗಲೂ ಸಿಡಿಎಂಎ ಎಂಬ ಬೇರೆ ತಂತ್ರಜ್ಞಾನದ ನೆಟ್‌ವರ್ಕ್‌ಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. 2016ರ ಐಫೋನ್ 7 ಇದಕ್ಕೆ ಒಳ್ಳೆಯ ಉದಾಹರಣೆ. ಎ1660 ಮಾದರಿಯಲ್ಲಿ ಕ್ವಾಲ್‌ಕಾಮ್ ಮೋಡೆಮ್ (ನೆಟ್‌ವರ್ಕ್ ಜೊತೆ ಸಂಪರ್ಕ ನಡೆಸುವ ಚಿಪ್), ಅದು ಸಿಡಿಎಂಎ ನೆಟ್‌ವರ್ಕ್‌ನಲ್ಲೂ ನಡೆಯುತ್ತಿತ್ತು. ಎ1778ರಲ್ಲಿ ಇಂಟೆಲ್ ಮೋಡೆಮ್, ಅದರಲ್ಲಿ ಸಿಡಿಎಂಎ ಇಲ್ಲವೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಹಿಂಬದಿಯ ಸಣ್ಣಕ್ಷರದ ಮಾದರಿ ಸಂಖ್ಯೆ ಮಾತ್ರ ಬೇರೆ.

4ಜಿ ಬಂದಾಗ ಆ ಪ್ರತ್ಯೇಕ ದಾರಿಯನ್ನು ಕೈಬಿಟ್ಟರು. 4ಜಿಯಲ್ಲಿ ಎಲ್ಲವೂ ಡೇಟಾ. ಮೊದಮೊದಲು ಫೋನ್‌ಗಳು ಒಂದು ಉಪಾಯ ಮಾಡಿದವು. ಇಂಟರ್ನೆಟ್‌ಗೆ 4ಜಿ, ಕರೆ ಬಂದ ತಕ್ಷಣ 3ಜಿಗೋ 2ಜಿಗೋ ಇಳಿಯುವುದು, ಕರೆ ಮುಗಿದ ಮೇಲೆ ಮತ್ತೆ ಹತ್ತುವುದು. ಮಾತಾಡುವಾಗ ಮೇಲಿನ 4ಜಿ ಗುರುತು 3ಜಿ ಆಗುವುದನ್ನು ನೀವೂ ನೋಡಿರಬಹುದು, ಅಲ್ವಾ? ಆಮೇಲೆ 4ಜಿಯಲ್ಲೇ ಮಾತು ಕಳಿಸುವ ವೋಲ್ಟಿಇ ಬಂತು. ಧ್ವನಿ ಸ್ಪಷ್ಟ, ಕರೆ ಬೇಗ ಸಿಗುತ್ತದೆ. ಜಿಯೋ 2016ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಅದಕ್ಕೆ 2ಜಿ, 3ಜಿ ಇರಲೇ ಇಲ್ಲ. ಮಾತೆಲ್ಲ ವೋಲ್ಟಿಇಯಲ್ಲೇ.

ತೊಂದರೆ ಇರುವುದು ವೋಲ್ಟಿಇಯ ಒಳಗಿನ ಏರ್ಪಾಡಿನಲ್ಲಿ. ಫೋನ್ ಟವರಿಗೆ ಸೇರಿಕೊಂಡರೆ ಸಾಲದು. ಆ ಕಂಪನಿಯ ಕರೆ ವ್ಯವಸ್ಥೆಯಲ್ಲಿ ಬೇರೆಯಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಯಾವ ವಿಳಾಸಕ್ಕೆ ಹೋಗಬೇಕು, ಗುರುತು ಹೇಗೆ ತೋರಿಸಬೇಕು, ಧ್ವನಿಯನ್ನು ಯಾವ ರೀತಿ ಕುಗ್ಗಿಸಿ ಕಳಿಸಬೇಕು, ಎಸ್ಸೆಮ್ಮೆಸ್ ಹೇಗೆ, ಕರೆ ನಡೆಯುವಾಗಲೇ 4ಜಿ ಹೋದರೆ ಏನು ಮಾಡಬೇಕು, ತುರ್ತು ಕರೆಗೆ ಯಾವ ದಾರಿ. ಇದಕ್ಕೆಲ್ಲ ಜಾಗತಿಕ ಮಾನದಂಡಗಳೇನೋ ಇವೆ. ಆದರೆ ಮಾನದಂಡದಲ್ಲಿ ಆಯ್ಕೆಗಳೂ ಬಹಳ ಇವೆ. ಒಂದೊಂದು ಕಂಪನಿ ಒಂದೊಂದು ಆರಿಸಿಕೊಂಡಿದೆ.

ಹಾಗಾಗಿ ಫೋನಿನಲ್ಲಿ ಪ್ರತಿ ಟೆಲಿಕಾಂ ಕಂಪನಿಗೂ ಒಂದೊಂದು ಸೆಟ್ಟಿಂಗ್ಸ್ ಕಡತ ಇರುತ್ತದೆ. ಸಿಮ್ ಹಾಕಿದ ತಕ್ಷಣ ಫೋನ್ ಅದರ ಅಂಕಿ ನೋಡಿ ಸರಿಯಾದ ಕಡತ ಹುಡುಕುತ್ತದೆ. ಸಿಕ್ಕರೆ ವೋಲ್ಟಿಇ ಶುರು. ಸಿಗದಿದ್ದರೆ ಎಷ್ಟೋ ಫೋನ್‌ಗಳು ವೋಲ್ಟಿಇಯನ್ನು ಆಫ್ ಮಾಡಿಬಿಡುತ್ತವೆ. ಮೆನುವಿನಲ್ಲಿ ಆ ಸ್ವಿಚ್ಚೇ ಕಾಣುವುದಿಲ್ಲ! ಫೋನಿನ ಚಿಪ್‌ಗೆ ಆ ಕೆಲಸ ಬರುತ್ತದೆ, ಹಳೆಯ ಸಿಮ್‌ನಲ್ಲಿ ಅದೇ ಚಿಪ್ ಅದೇ ಕೆಲಸ ಮಾಡುತ್ತಿತ್ತು. ಹೊಸ ಸಿಮ್‌ಗೆ ಬೇಕಾದ ಕಡತ ಮಾತ್ರ ಇಲ್ಲ.

ನೆಟ್‌ವರ್ಕ್‌ನಲ್ಲಿ 3ಜಿ, 2ಜಿ ಇದ್ದಷ್ಟು ದಿನ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೋನ್ ಸುಮ್ನೆ ಕೆಳಗಿಳಿದು ಕರೆ ಮಾಡುತ್ತಿತ್ತು. ಈಗ ಜಗತ್ತಿನ ಬಹಳ ಕಡೆ ಆ ಹಳೆಯ ನೆಟ್‌ವರ್ಕ್‌ಗಳನ್ನು ಮುಚ್ಚುತ್ತಿದ್ದಾರೆ. ಇಳಿಯಲು ಜಾಗವೇ ಇಲ್ಲದಿದ್ದಾಗ ನಿಮಗಾಗುತ್ತಿರುವುದೇ ಆಗುತ್ತದೆ. ಇಂಟರ್ನೆಟ್ ಇದೆ, ಕರೆ ಇಲ್ಲ. ಹೊರಗೆ ಹೋಗುವ ಕರೆ ರಿಂಗ್ ಆಗುವ ಮೊದಲೇ ಸಾಯುತ್ತದೆ. ಒಳಗೆ ಬರುವ ಕರೆಗೆ ನೀವು ‘ಸಂಪರ್ಕಕ್ಕೆ ಸಿಗುತ್ತಿಲ್ಲ’, ಯಾಕೆಂದರೆ ಕರೆ ವ್ಯವಸ್ಥೆಯಲ್ಲಿ ನಿಮ್ಮ ಫೋನಿನ ಹೆಸರೇ ಇಲ್ಲ.

ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿ 22ರಂದು 3ಜಿ ನಿಲ್ಲಿಸಿತು. ಟಿ-ಮೊಬೈಲ್ ಅದೇ ವರ್ಷದ ಜುಲೈನಲ್ಲಿ, ವೆರಿಝಾನ್ ಡಿಸೆಂಬರ್ ಕೊನೆಗೆ. ಅದಕ್ಕೂ ಮೊದಲೇ ಎಟಿ ಅಂಡ್ ಟಿ, ಮುಂದೆ ತನ್ನ ನೆಟ್‌ವರ್ಕ್‌ನಲ್ಲಿ ನಡೆಯುವ ಫೋನ್‌ಗಳ ಪಟ್ಟಿಯೊಂದನ್ನು ಹೊರಡಿಸಿತ್ತು. ಪಟ್ಟಿಯಲ್ಲಿ ಮಾದರಿ ಸಂಖ್ಯೆ ಇದ್ದವರು ಉಳಿದರು. ವೋಲ್ಟಿಇ ಇರುವ, ಬ್ಯಾಂಡೂ ಹೊಂದುವ ಎಷ್ಟೋ ಅನ್‌ಲಾಕ್ ಫೋನ್‌ಗಳು ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೇ ಹೊರಗುಳಿದವು. ಎಲ್ಲ ಫೋನನ್ನೂ ಪರೀಕ್ಷೆ ಮಾಡಲಾಗುವುದಿಲ್ಲ, ಪರೀಕ್ಷೆ ಮಾಡದ ಫೋನ್ ತುರ್ತು ಕರೆಯಲ್ಲಿ ಕೈಕೊಟ್ಟರೆ ಹೊಣೆ ತಮ್ಮದಾಗುತ್ತದೆ ಎಂಬ ಕಂಪನಿಗಳ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಇದು ಜನರಿಗೆ ಅನ್ಯಾಯ. ಸಿಮ್ ಲಾಕ್ ತೆಗೆಸಲು ಗ್ರಾಹಕರಿಗೆ ಹಕ್ಕಿದೆ ಎಂದು ಕಾನೂನು ಹೇಳಬಹುದು. ಆ ಹಕ್ಕನ್ನು ಒಂದು ಸೆಟ್ಟಿಂಗ್ಸ್ ಕಡತವೋ ಒಂದು ಪಟ್ಟಿಯೋ ಸದ್ದಿಲ್ಲದೆ ಖಾಲಿ ಮಾಡಬಲ್ಲದು. ತಮ್ಮ ವೋಲ್ಟಿಇ ಸೆಟ್ಟಿಂಗ್ಸ್ ಏನು ಅಂತ ಕಂಪನಿಗಳು ಎಲ್ಲ ಫೋನ್ ತಯಾರಕರಿಗೂ ತೆರೆದಿಡಬೇಕು. ಯಾವ ಮಾದರಿ ನಡೆಯುತ್ತದೆ, ಯಾವುದು ಇಲ್ಲ ಅಂತ ಸಿಮ್ ಕೊಡುವ ಮೊದಲೇ ಹೇಳಬೇಕು.

ತುರ್ತು ಕರೆಯ ವಿಷಯ ಮಾತ್ರ ಬೇರೆ. ಅಲ್ಲಿ ಕಟ್ಟುನಿಟ್ಟು ಬೇಕೇ ಬೇಕು. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಿಂದ 3ಜಿ ಮುಚ್ಚಲು ಶುರುಮಾಡಿದವು. ಅದಕ್ಕೆ ಮುಂಚೆ ಒಂದು ಅಪಾಯ ಬೆಳಕಿಗೆ ಬಂತು. ಕೆಲವು ಫೋನ್‌ಗಳು ಮಾಮೂಲಿ ಕರೆಯನ್ನು 4ಜಿಯಲ್ಲೇ ಮಾಡುತ್ತಿದ್ದವು, ಆದರೆ ಅಲ್ಲಿನ ತುರ್ತು ಸಂಖ್ಯೆ 000 ಒತ್ತಿದರೆ 3ಜಿ ಹುಡುಕುತ್ತಿದ್ದವು. ಇಟ್ಟುಕೊಂಡವರಿಗೆ ಅದು ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ದಿನಾ ಕರೆ ಹೋಗುತ್ತಿತ್ತಲ್ಲ. ಕೊನೆಗೆ, ತುರ್ತು ಕರೆ ಮಾಡಲಾಗದ ಫೋನ್‌ಗಳಿಗೆ ಸೇವೆ ಕೊಡಬಾರದು ಎಂದೇ ಅಲ್ಲಿನ ನಿಯಮ ಬದಲಾಯಿತು. ಹೊರದೇಶಗಳಿಂದ ತಂದ ಫೋನ್‌ಗಳಿಗೆ ಇದರ ಬಿಸಿ ತಟ್ಟಿತು. ನಿಮ್ಮ ಫೋನಿಗೂ ಇದು ಸಂಬಂಧಪಟ್ಟದ್ದೇ. ಕರೆ ಹೋಗದ ಫೋನನ್ನು ‘ವಾಟ್ಸ್ಆ್ಯಪ್‌ನಲ್ಲಿ ಮಾತಾಡುತ್ತೇನೆ ಬಿಡಿ’ ಅಂತ ಇಟ್ಟುಕೊಳ್ಳಬೇಡಿ. ಆಂಬುಲೆನ್ಸ್ ಕರೆಯಬೇಕಾದ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

5ಜಿಯಲ್ಲೂ ಇದೇ ಸೆಟ್ಟಿಂಗ್ಸ್ ಕಥೆ. 2022ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ 5ಜಿ ಶುರುವಾದಾಗ ಐಫೋನ್‌ಗಳಲ್ಲಿ ಬೇಕಾದ ಚಿಪ್ಪೂ ಇತ್ತು, ಬ್ಯಾಂಡೂ ಇತ್ತು, ಆದರೆ 5ಜಿ ಬರಲಿಲ್ಲ. ಡಿಸೆಂಬರ್‌ನಲ್ಲಿ ಐಒಎಸ್ 16.2 ಅಪ್‌ಡೇಟ್ ಬಂದ ಮೇಲೆ ಬಂತು. ಯಾರೂ ಫೋನ್ ಬಿಚ್ಚಿ ಏನನ್ನೂ ಹಾಕಲಿಲ್ಲ. ಇದರ ಜೊತೆಗೆ ಕೆಲವು ಕಂಪನಿಗಳ 5ಜಿ ಹಳೆಯ 4ಜಿಯನ್ನು ಆಧರಿಸಿ ನಡೆಯುತ್ತದೆ, ಕೆಲವರದು ಸ್ವತಂತ್ರವಾಗಿ ನಡೆಯುತ್ತದೆ. ಫೋನಿಗೆ ಒಂದು ಗೊತ್ತಿದ್ದು ಇನ್ನೊಂದಕ್ಕೆ ಅನುಮತಿ ಇಲ್ಲದಿದ್ದರೆ, ಒಂದು ಸಿಮ್‌ನಲ್ಲಿ 5ಜಿ ಕಾಣುತ್ತದೆ, ಇನ್ನೊಂದರಲ್ಲಿ 4ಜಿಗೇ ನಿಲ್ಲುತ್ತದೆ.

ನಿಮ್ಮ ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ, ಅನ್‌ಲಾಕ್ ಫೋನ್ ಕೊಳ್ಳುವವರಿಗೆ ಗೊತ್ತಿರಬೇಕಾದ ಇನ್ನೂ ಕೆಲವು ಅಡ್ಡಿಗಳಿವೆ. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಅದರ ಮೊದಲ 8 ಅಂಕಿ ಯಾವ ಮಾದರಿ ಎಂದು ಹೇಳುತ್ತವೆ, ಮುಂದಿನ 6 ಆ ಫೋನಿನದೇ ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಕಳವಾದ ಫೋನ್, ಕೆಲವು ಕಡೆ ಕಂತು ಕಟ್ಟದ ಫೋನ್, ಇವುಗಳ ಸಂಖ್ಯೆ ಕಪ್ಪುಪಟ್ಟಿಗೆ ಸೇರಿದರೆ ಆ ಪಟ್ಟಿಯನ್ನು ಪಾಲಿಸುವ ಕಂಪನಿಗಳಲ್ಲಿ ಅದು ನಡೆಯುವುದಿಲ್ಲ. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನನ್ನು ಶುಲ್ಕ ಕಟ್ಟಿ ನೋಂದಾಯಿಸದಿದ್ದರೆ 120 ದಿನಗಳ ಮೇಲೆ ಅಲ್ಲಿನ ಸಿಮ್‌ಗೆ ಸಿಗ್ನಲ್ ನಿಲ್ಲುತ್ತದೆ. ಪಾಕಿಸ್ತಾನ, ಇಂಡೊನೇಷ್ಯಾಗಳಲ್ಲೂ ಇಂಥ ನೋಂದಣಿ ಇದೆ. ಕೆಲವು ಸ್ಯಾಮ್‌ಸಂಗ್ ಫೋನ್‌ಗಳಿಗೆ ಮೊದಲ ಬಾರಿಗೆ ಅದು ಮಾರಾಟವಾದ ಪ್ರದೇಶದ ಸಿಮ್ ಹಾಕಿ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ ಮೇಲೇ ಬೇರೆ ಕಡೆಯ ಸಿಮ್ ನಡೆಯುತ್ತದೆ. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಅದನ್ನು ಬರೆದಿರುತ್ತಾರೆ. ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದ ಈಚೆಗಿನವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಮಾತ್ರ. ನಿಮ್ಮ ಕಂಪನಿ ಇ-ಸಿಮ್ ಕೊಡದಿದ್ದರೆ ಆ ಫೋನ್ ಎಷ್ಟು ಅನ್‌ಲಾಕ್ ಆಗಿದ್ದರೂ ಉಪಯೋಗವಿಲ್ಲ.

ಇಂಟರ್ನೆಟ್ ಮಾತ್ರ ಬಾರದಿದ್ದರೆ ಗಾಬರಿ ಬೇಡ. ಬಹುತೇಕ ಅದು ಎಪಿಎನ್, ಅಂದರೆ ಕಂಪನಿಯ ಇಂಟರ್ನೆಟ್‌ಗೆ ಸೇರುವ ದಾರಿಯ ಹೆಸರಿನ ಸೆಟ್ಟಿಂಗ್, ಕಂಪನಿ ಹೇಳಿದ ಹೆಸರನ್ನು ಟೈಪ್ ಮಾಡಿದರೆ ಮುಗಿಯಿತು.

ಈಗ ನೀವು ಮಾಡಬೇಕಾದದ್ದು. ಮೊದಲು ನಿಮ್ಮ ಫೋನಿನ ಮತ್ತು ಗೆಳೆಯನ ಫೋನಿನ ಮಾದರಿ ಸಂಖ್ಯೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಬಗ್ಗೆ’ ಎಂಬಲ್ಲಿ ಇರುತ್ತದೆ. ಮಾರುಕಟ್ಟೆಯ ಹೆಸರು ಬೇಡ, ಅಕ್ಷರ ಮತ್ತು ಅಂಕಿ ಸೇರಿದ ಸಂಖ್ಯೆ ಬೇಕು. ಎರಡರಲ್ಲೂ *#06# ಒತ್ತಿ ಐಎಂಇಐ ನೋಡಿ. ಮೊದಲ 8 ಅಂಕಿ ಬೇರೆಯಾಗಿದ್ದರೆ ಮಾದರಿಯೂ ಬೇರೆ ಇರುವ ಸಂಭವವಿದೆ. ಒಂದೇ ಮಾದರಿಗೂ ಒಂದಕ್ಕಿಂತ ಹೆಚ್ಚು ಸಂಖ್ಯೆ ಕೊಟ್ಟಿರಬಹುದು, ಹಾಗಾಗಿ ಮಾದರಿ ಸಂಖ್ಯೆಯನ್ನೇ ಗಟ್ಟಿ ಸಾಕ್ಷಿ ಅಂದುಕೊಳ್ಳಿ. ತಯಾರಕರ ತಾಣದಲ್ಲಿ ಎರಡೂ ಮಾದರಿಗಳ ಬ್ಯಾಂಡ್ ಪಟ್ಟಿ ಸಿಗುತ್ತದೆ. ನಿಮ್ಮ ಹೊಸ ಕಂಪನಿಯ ಕೆಳಗಿನ ಬ್ಯಾಂಡ್ ಯಾವುದು ಅಂತ ತಿಳಿದುಕೊಂಡು ತಾಳೆ ಹಾಕಿ. ಅದು ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಒಳಕೋಣೆಯ ಸಿಗ್ನಲ್ ಈ ಫೋನಿನಲ್ಲಿ ಸರಿಯಾಗುವುದಿಲ್ಲ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಕರೆಯ ತೊಂದರೆ ಸರಿಹೋಗುವ ಸಾಧ್ಯತೆ ಇದೆ. ಫೋನಿಗೆ ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಹೊಸ ಸಿಮ್ ಒಳಗೇ ಇರಲಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ ತೆರೆದು ಸ್ವಲ್ಪ ಹೊತ್ತು ಕಾಯಿರಿ, ಕಂಪನಿಯ ಸೆಟ್ಟಿಂಗ್ಸ್ ಅಪ್‌ಡೇಟ್ ಇದ್ದರೆ ಅದೇ ಕೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಸಿಮ್ ಸೆಟ್ಟಿಂಗ್ಸ್ ಒಳಗೆ ವೋಲ್ಟಿಇ ಅಥವಾ ‘4ಜಿ ಕಾಲಿಂಗ್’ ಸ್ವಿಚ್ ಇದೆಯಾ ನೋಡಿ. ಎರಡು ಸಿಮ್ ಜಾಗವಿದ್ದರೆ ಇನ್ನೊಂದಕ್ಕೆ ಬದಲಿಸಿ ನೋಡಿ. ಕೆಲವು ಹಳೆಯ ಫೋನ್‌ಗಳಲ್ಲಿ ಎರಡನೇ ಜಾಗಕ್ಕೆ 4ಜಿಯೇ ಇರುವುದಿಲ್ಲ. ಆಮೇಲೆ ಒಂದು ಕರೆ ಮಾಡಿ, ಮೇಲಿನ ಗುರುತನ್ನೇ ಗಮನಿಸಿ. ಕರೆ ಒತ್ತಿದಾಗ 4ಜಿ ಗುರುತು ಮಾಯವಾಗಿ, ಕೆಲ ಕ್ಷಣ ಹುಡುಕಿ, ಕರೆ ಬಿದ್ದುಹೋದರೆ ಫೋನ್ ಹಳೆಯ ನೆಟ್‌ವರ್ಕ್ ಹುಡುಕುತ್ತಿದೆ ಎಂದರ್ಥ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿದರೆ ಪರೀಕ್ಷಾ ಮೆನು ತೆರೆಯುತ್ತದೆ. ಅಲ್ಲಿ ಐಎಂಎಸ್ (ಮೇಲೆ ಹೇಳಿದ ಕರೆ ವ್ಯವಸ್ಥೆ) ಸ್ಥಿತಿ ‘ನೋಂದಣಿಯಾಗಿಲ್ಲ’ ಎಂದಿದ್ದರೆ ಅದೇ ಖಚಿತ ಉತ್ತರ. ಆ ಮೆನುವಿನಲ್ಲಿ ಬೇರೇನನ್ನೂ ಬದಲಿಸಬೇಡಿ.

ಕಂಪನಿಗೆ ಕರೆ ಮಾಡುವಾಗ ‘ಫೋನ್ ನಡೆಯುತ್ತಿಲ್ಲ’ ಎಂದಷ್ಟೇ ಹೇಳಿದರೆ ‘ಸಿಮ್ ತೆಗೆದು ಹಾಕಿ’ ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ‘ನನ್ನ ಮಾದರಿ ಸಂಖ್ಯೆ ಇದು, ನಿಮ್ಮ ನೆಟ್‌ವರ್ಕ್‌ನಲ್ಲಿ ಇದಕ್ಕೆ ವೋಲ್ಟಿಇ ಇದೆಯಾ, ನನ್ನ ನಂಬರಿಗೆ ಅದನ್ನು ಚಾಲೂ ಮಾಡಿದ್ದೀರಾ’ ಎಂದು ಕೇಳಿ. ಎಷ್ಟೋ ಸಲ ಅವರ ಕಡೆಯೇ ನಂಬರಿಗೆ ವೋಲ್ಟಿಇ ಹಾಕಿರುವುದಿಲ್ಲ, ಹೇಳಿದ ಮೇಲೆ ಹಾಕುತ್ತಾರೆ. ಇಲ್ಲ ಅಂದರೆ ಫೋನ್ ತಯಾರಕರಿಗೂ ಬರೆಯಿರಿ. ಕಡತ ಸೇರಿಸುವವರು ಅವರೇ, ಮತ್ತು ಬೇರೆ ಗ್ರಾಹಕರೂ ಕೇಳಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಸೇರಬಹುದು. ಕಂಪ್ಯೂಟರಿಗೆ ಜೋಡಿಸಿ ವೋಲ್ಟಿಇಯನ್ನು ಬಲವಂತವಾಗಿ ಆನ್ ಮಾಡುವ ಉಪಾಯಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಕೆಲವು ಫೋನ್‌ಗಳಲ್ಲಿ ಅವು ನಡೆಯುತ್ತವೆ ಕೂಡ. ಮನೆಯವರೆಲ್ಲ ನೆಚ್ಚಿಕೊಂಡಿರುವ ಫೋನಿಗೆ ನಾನು ಅದನ್ನು ಹೇಳುವುದಿಲ್ಲ. ಮಾಮೂಲಿ ಕರೆ ಹೋದರೂ ತುರ್ತು ಕರೆ ಹೋಗುತ್ತದೆಂಬ ಖಾತರಿ ಅಲ್ಲಿಲ್ಲ, ಅಪ್‌ಡೇಟ್ ಬಂದಾಗ ಅದು ಅಳಿಸಿಯೂ ಹೋಗಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಕರೆ ಹೋಗದಿದ್ದರೆ, ಫೋನ್ ಇಟ್ಟುಕೊಂಡು ಸಿಮ್ ಬದಲಿಸಿ. ಹಳೆಯ ಕಂಪನಿಗೇ ನಂಬರ್ ಪೋರ್ಟ್ ಮಾಡಿಸಿಕೊಳ್ಳಬಹುದು. ಮುಂದಿನ ಫೋನ್ ಕೊಳ್ಳುವಾಗ ಮಾರುವವರ ಹತ್ತಿರ ‘ಅನ್‌ಲಾಕ್ ಆಗಿದೆಯಾ’ ಅಂತ ಕೇಳಿದ ಮೇಲೆ ಪೆಟ್ಟಿಗೆ ತಿರುಗಿಸಿ ಮಾದರಿ ಸಂಖ್ಯೆ ಬರೆದುಕೊಳ್ಳಿ. ಅದನ್ನು ನಿಮ್ಮ ಟೆಲಿಕಾಂ ಕಂಪನಿಯ ಪಟ್ಟಿಯ ಜೊತೆ ತಾಳೆ ನೋಡಿ. ಸಾಧ್ಯವಾದರೆ ನಿಮ್ಮದೇ ಸಿಮ್ ಹಾಕಿ, ಅಲ್ಲೇ ನಿಂತು ಒಂದು ಕರೆ ಮಾಡಿ, ಒಂದು ಕರೆ ಸ್ವೀಕರಿಸಿ, ಆಮೇಲೆ ದುಡ್ಡು ಕೊಡಿ.